'ಅದು ಪಾಸ್ಟರ್ ಕೆಲಸ' ಅನ್ನೋ ನೆಪ

ನಾನು ೧೯೯೦ರಲ್ಲಿ ಬೊಂಬಾಯಿಗೆ ಬಂದವನು. ಇಲ್ಲಿನ ಕನ್ನಡ ಕ್ರೈಸ್ತರ ಬಗ್ಗೆ ಒಂದು ಒಳ್ಳೆ ಮಾತು ಮೊದಲೇ ಹೇಳಿಬಿಡ್ತೀನಿ. ಊರಿಂದ ಒಬ್ಬ ಹುಡುಗ ಬ್ಯಾಗು ಹಿಡಿದು ದಾದರ್‌ನಲ್ಲಿ ಇಳಿದರೆ ಸಾಕು, ಒಬ್ಬರು ಡೊಂಬಿವಲಿಯಲ್ಲಿ ರೂಮು ಹುಡುಕ್ತಾರೆ, ಇನ್ನೊಬ್ಬರು ಡಿಪಾಸಿಟ್ಟಿಗೆ ಕೈಸಾಲ ಕೊಡ್ತಾರೆ, ಮತ್ತೊಬ್ಬರು ಅವನ ಬಯೋಡೇಟಾ ತಗೊಂಡು ತಮ್ಮ ಆಫೀಸಲ್ಲಿ ಓಡಾಡ್ತಾರೆ. ಎರಡು ವರ್ಷ ಕಳೆಯೋದ್ರೊಳಗೆ ಹೆಣ್ಣು ನೋಡೋದಕ್ಕೂ ಶುರು!

ಆದರೆ ಆ ಹುಡುಗನ ನಂಬಿಕೆ ಹೇಗಿದೆ, ಪ್ರಾರ್ಥನೆ ಮಾಡ್ತಾನಾ, ಬೈಬಲ್ ತೆರೆದು ಎಷ್ಟು ದಿನ ಆಯ್ತು ಅಂತ ಕೇಳೋರು ಯಾರು? ಯಾರೂ ಇಲ್ಲ. ಅದಕ್ಕೆ ನಮ್ಮೆಲ್ಲರ ಹತ್ತಿರ ಒಂದೇ ಉತ್ತರ ಸಿದ್ಧ: "ಅದು ಪಾಸ್ಟರ್ ಕೆಲಸ." ಈ ಉತ್ತರದ ಮೇಲೆ ನನಗೆ ಸಿಟ್ಟಿದೆ. ಯಾಕಂದ್ರೆ ಅದನ್ನ ಬೇರೆಯವರಿಗಿಂತ ಹೆಚ್ಚು ಸಲ ಹೇಳಿದವನು ನಾನೇ.

೨೦೧೧ರ ಮಾತು. ಗದಗದ ಕಡೆಯ ಹುಡುಗ, ಹೆಸರು ಬೇಡ. ರೂಮು ಕೊಡಿಸಿದ್ದು ನಾನೇ. ಅವನ ಅಪ್ಪ ತೀರಿಕೊಂಡರು, ಊರಿಗೆ ಹೋಗಿ ಮಣ್ಣು ಮಾಡಿ ವಾಪಸ್ ಬಂದ. ಭಾನುವಾರ ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನನ್ನನ್ನ ನಿಲ್ಲಿಸಿದ. "ಕಾಕಾ, ಪ್ರಾರ್ಥನಾ ಮಾಡಾಕ ಕುಂತ್ರ ಬಾಯಾಗ ಮಾತ ಬರವಲ್ವು. ಏನ್ ಮಾಡ್ಲಿ?" ನಾನು ಗಡಿಯಾರ ನೋಡಿದೆ. ಲೋಕಲ್ ತಪ್ಪುತ್ತೆ ಅನ್ನೋ ಚಿಂತೆ ಅರ್ಧ, ಏನು ಹೇಳಬೇಕು ಅಂತ ತಿಳಿಯದ ಭಯ ಅರ್ಧ. ಬೆನ್ನು ತಟ್ಟಿ, "ಪಾಸ್ಟರ್ ಕಡೆ ಮಾತಾಡಪಾ" ಅಂದೆ. ಒಂದೆರಡು ತಿಂಗಳು ಬಂದ. ಆಮೇಲೆ ಬರೋದು ನಿಂತುಹೋಯ್ತು.

ನಾಲ್ಕೈದು ವರ್ಷದ ನಂತರ ಠಾಣೆ ಸ್ಟೇಷನ್ನಿನ ಸೇತುವೆ ಮೇಲೆ ಸಿಕ್ಕ. ಮದುವೆ ಆಗಿತ್ತು, ಮೊಬೈಲಿನಲ್ಲಿ ಮಗಳ ಫೋಟೋ ತೋರಿಸಿದ. ಚರ್ಚಿಗೆ ಹೋಗ್ತಿಲ್ಲ ಅಂದ, ಸಿಟ್ಟೇನೂ ಇರಲಿಲ್ಲ. ಹೊರಡುವಾಗ ಅಂದ: "ಅವತ್ತ ನೀವು ಹೇಳಿದ್ರಲ್ರಿ, ಪಾಸ್ಟರ್ ಮನೀಗೆ ಹೋಗಿದ್ದೆ. ಅವರು ಊರಾಗ ಇರಲಿಲ್ಲ." ಅಷ್ಟೇ. ನನಗೆ ಆ ಸೇತುವೆ ಇಳಿಯೋದು ಕಷ್ಟ ಆಯ್ತು.

ಪಾಸ್ಟರ್ ಊರಲ್ಲಿ ಇರಲಿಲ್ಲ, ಅದು ಅವರ ತಪ್ಪಲ್ಲ. ಒಬ್ಬರೇ ಪಾಸ್ಟರ್, ಮನೆಗಳು ಕಲ್ಯಾಣದಿಂದ ಪನವೇಲಿನ ತನಕ ಚೆಲ್ಲಾಡಿವೆ. ನಾನು ಮಾತ್ರ ಊರಲ್ಲೇ ಇದ್ದೆ, ಅವನ ರೂಮಿನಿಂದ ಎರಡೇ ಸ್ಟೇಷನ್ ದೂರದಲ್ಲಿ.

ಈಗ ನಮ್ಮ ನೆಪಗಳನ್ನ ಒಂದೊಂದಾಗಿ ನೋಡೋಣ.

"ನನಗೆ ಅಷ್ಟು ಗೊತ್ತಿಲ್ಲ." ಹೌದು, ಗೊತ್ತಿಲ್ಲ. ಮಗುವಿನ ಗಣಿತ ಗೊತ್ತಿಲ್ಲದಿದ್ದರೂ ರಾತ್ರಿ ಅದರ ಪಕ್ಕ ಕೂತು ಪುಸ್ತಕ ತಿರುವಿಹಾಕಲ್ವಾ? ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ, ೧೮೩೭ರಲ್ಲಿ ಧಾರವಾಡಕ್ಕೆ ಬಂದರು ಅಂತ ನಾವು ಜಂಬದಿಂದ ಹೇಳ್ತೀವಿ. ಆದರೆ ನನಗೆ ಪ್ರಾರ್ಥನೆ ಕಲಿಸಿದ್ದು ಯಾವ ಜರ್ಮನ್ ಪಂಡಿತನೂ ಅಲ್ಲ, ಓದು ಬಾರದ ನಮ್ಮಜ್ಜಿ. ಪೌಲನು ತಿಮೊಥೆಯನ ನಂಬಿಕೆ ಎಲ್ಲಿಂದ ಬಂತು ಅಂತ ನೆನೆಯುವಾಗ ಹೆಸರಿಸಿದ್ದೂ ಅವನ ಅಜ್ಜಿಯನ್ನ, ತಾಯಿಯನ್ನ.

"ನನ್ನ ಬದುಕೇ ಸರಿ ಇಲ್ಲ, ನಾನೇನು ಹೇಳಲಿ?" ಕೇಳೋದಕ್ಕೆ ದೀನತೆ ಥರ ಇದೆ. ಆದರೆ ಈ ದೀನತೆ ಬೇರೆಲ್ಲೂ ಕಾಣಿಸಲ್ಲ ನೋಡಿ. ಅದೇ ಹುಡುಗನಿಗೆ ಯಾವ ಫ್ಲ್ಯಾಟು ತಗೋಬೇಕು, ಎಂಥಾ ಹೆಣ್ಣು ಮದುವೆ ಆಗಬೇಕು ಅಂತ ಹೇಳುವಾಗ ನಮಗೆಲ್ಲ ಎಲ್ಲಿಲ್ಲದ ಧೈರ್ಯ!

"ನಂಬಿಕೆ ಅವರವರ ಖಾಸಗಿ ವಿಷಯ." ಇದು ಎಲ್ಲಕ್ಕಿಂತ ಚಂದದ ನೆಪ, ಗೌರವದ ಅಂಗಿ ತೊಟ್ಟುಕೊಂಡಿರುತ್ತೆ. ಬೇರೆ ಧರ್ಮದವರ ಮನೆಬಾಗಿಲು ತಟ್ಟಿ ಅಂತ ನಾನು ಹೇಳ್ತಿಲ್ಲ. ನಮ್ಮದೇ ಬೆಂಚಿನಲ್ಲಿ ಕೂತು, ನಮ್ಮ ಜೊತೆಗೇ ಹಾಡಿ, ತಾನಾಗಿ ಬಂದು ಕೇಳೋವನ ಮಾತು ಇದು. ಕೇಳಿದವನಿಗೆ ಬೆನ್ನು ತಿರುಗಿಸೋದು ಗೌರವ ಹೇಗಾಗುತ್ತೆ?

ಒಂದು ಆಕ್ಷೇಪಣೆ ಮಾತ್ರ ನೆಪ ಅಲ್ಲ, ಅದನ್ನ ಒಪ್ಪಿಕೊಳ್ತೀನಿ. ನಂಬಿಕೆ ಕಲಿಸ್ತೀನಿ ಅಂತ ಹೊರಟು ಹುಡುಗರ ತಲೆ ಮೇಲೆ ಕೂರೋರು ಇದ್ದಾರೆ. ಯಾರ ಜೊತೆ ಮಾತಾಡಬೇಕು, ಸಂಬಳದಲ್ಲಿ ಎಷ್ಟು ಕೊಡಬೇಕು, ಯಾರನ್ನ ಕಟ್ಟಿಕೊಳ್ಳಬೇಕು, ಎಲ್ಲಾ ಅವರೇ ಹೇಳ್ತಾರೆ. ಅಂಥವರನ್ನ ನೋಡಿ ಹೆದರಿ ಹಿಂದೆ ಸರಿದ ಒಳ್ಳೆಯವರು ನನಗೆ ಗೊತ್ತು. ಆದರೆ ಒಳ್ಳೆಯವರು ಹಿಂದೆ ಸರಿದರೆ ಆ ಜಾಗ ಖಾಲಿ ಉಳಿಯಲ್ಲ ಸ್ವಾಮಿ. ಅಲ್ಲಿಗೆ ಅವರೇ ಬಂದು ಕೂರ್ತಾರೆ.

ಹಾಗಾದರೆ ಹೇಗೆ ಮಾಡೋದು? ಅಪೊಸ್ತಲರ ಕೃತ್ಯಗಳ ೧೮ನೇ ಅಧ್ಯಾಯ ತೆಗೆಯಿರಿ. ನಮ್ಮಂಥ ವಲಸಿಗರ ಕಥೆ ಅದು. ಅಕ್ವಿಲ ಹುಟ್ಟಿದ್ದು ಕಪ್ಪು ಸಮುದ್ರದ ದಂಡೆಯ ಪೊಂತದಲ್ಲಿ, ಬದುಕಿದ್ದು ರೋಮಿನಲ್ಲಿ. ಸುಮಾರು ಕ್ರಿ.ಶ. ೪೯ರಲ್ಲಿ ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನ ರೋಮಿನಿಂದ ಹೊರಹಾಕಿದಾಗ ಅವನೂ ಹೆಂಡತಿ ಪ್ರಿಸ್ಕಿಲ್ಲಳೂ ಕೊರಿಂಥಕ್ಕೆ ಬಂದರು. ಕಸುಬು ಗುಡಾರ ಮಾಡೋದು. ಅದೇ ಕಸುಬಿನ ಪೌಲ ಅವರ ಮನೆಯಲ್ಲೇ ಉಳಿದುಕೊಂಡ. ಅಲ್ಲಿಂದ ಎಫೆಸಕ್ಕೆ ಹೋದರು, ಮತ್ತೆ ಹೊಸ ಊರು.

ಎಫೆಸಕ್ಕೆ ಅಲೆಕ್ಸಾಂದ್ರಿಯದಿಂದ ಅಪೊಲ್ಲೋಸ ಅನ್ನೋನು ಬಂದ. ಮಹಾ ವಾಗ್ಮಿ, ಶಾಸ್ತ್ರ ಬಲ್ಲವನು, ಆದರೆ ತಿಳಿದದ್ದು ಅರ್ಧ. ಗುಡಾರ ಹೊಲಿಯೋ ಈ ದಂಪತಿಗಳು ಏನು ಮಾಡಿದರು? 'ಪೌಲ ಬರಲಿ, ಅವನೇ ಹೇಳ್ತಾನೆ' ಅಂತ ಕಾಯಲಿಲ್ಲ. ಸಭಾಮಂದಿರದಲ್ಲಿ ಎದ್ದು ನಿಂತು ಅವಮಾನ ಮಾಡಲೂ ಇಲ್ಲ. ಅವನನ್ನ ತಮ್ಮ ಹತ್ತಿರ ಕರೆದುಕೊಂಡು ಹೋಗಿ ಉಳಿದದ್ದನ್ನ ಬಿಡಿಸಿ ಹೇಳಿದರು. ಆಮೇಲೆ ಅವನು ಅಖಾಯಕ್ಕೆ ಹೊರಟಾಗ ಕಟ್ಟಿಹಾಕಲಿಲ್ಲ. ಮುಂದೆ ಕೊರಿಂಥದಲ್ಲಿ ಕೆಲವರು ನಾವು ಪೌಲನವರು, ಕೆಲವರು ನಾವು ಅಪೊಲ್ಲೋಸನವರು ಅಂತ ಗುಂಪು ಕಟ್ಟಿಕೊಂಡು ಜಗಳ ಆಡಿದರು. ಅಲ್ಲಿ ಯಾರಾದರೂ 'ನಾವು ಅಕ್ವಿಲನವರು' ಅಂದರೇ? ಇಲ್ಲ. ಯಾರ ನಂಬಿಕೆಗಾಗಿ ಹೊತ್ತು ಕೊಟ್ಟರೋ ಅವನನ್ನ ತಮ್ಮ ಸ್ವತ್ತು ಮಾಡಿಕೊಳ್ಳಲಿಲ್ಲ. ನನಗೆ ಆ ದಂಪತಿಗಳ ಮೇಲಿನ ಗೌರವ ಹೆಚ್ಚಾಗಿದ್ದು ಇಲ್ಲೇ.

ಇಷ್ಟೆಲ್ಲಾ ತಿಳಿದೂ ನಾನೇನು ಬದಲಾಗಿಬಿಟ್ಟೆ ಅಂದುಕೋಬೇಡಿ. ಕಳೆದ ವರ್ಷ ಹುಬ್ಬಳ್ಳಿಯ ಇನ್ನೊಬ್ಬ ಹುಡುಗ, ಲ್ಯಾಬಿನಲ್ಲಿ ಕೆಲಸ, ಆರಾಧನೆ ಆದಮೇಲೆ ಚಹಾ ಕುಡಿಯುತ್ತಾ ಅಂದ: "ಐತ್ವಾರ ಬರ್ತೀನಿ, ಹಾಡ್ತೀನಿ, ಹೋಗ್ತೀನ್ರಿ ಕಾಕಾ. ಸೋಮವಾರ ಏನೂ ಉಳಿಯಂಗಿಲ್ಲ." ನನ್ನ ನಾಲಗೆ ತುದಿಗೆ ಮತ್ತೆ ಅದೇ 'ಪಾಸ್ಟರ್' ಬಂತು. ಅಷ್ಟರಲ್ಲಿ ನನ್ನಾಕೆ, ನನ್ನನ್ನ ಒಂದು ಮಾತು ಕೇಳದೆ, "ಬುಧವಾರ ಸಂಜೀಕ ಮನೀಗೆ ಬಾರಪಾ, ರೊಟ್ಟಿ ಮಾಡಿರ್ತೀನಿ. ಇವರೂ ಕುಂಡ್ರತಾರ" ಅಂದುಬಿಟ್ಟಳು!

ಆವತ್ತಿಂದ ಬುಧವಾರ ನಾವು ಮೂವರು ಕೂರ್ತೀವಿ. ಮಾರ್ಕನ ಸುವಾರ್ತೆ, ಒಂದು ಸಲಕ್ಕೆ ಒಂದು ಅಧ್ಯಾಯ. ನಮ್ಮಷ್ಟಕ್ಕೆ ನಾವೇ ಕೆಲವು ನೇಮ ಹಾಕಿಕೊಂಡಿದೀವಿ. ಅವನ ಸಂಬಳ, ಮದುವೆ, ನೌಕರಿ ನಮಗೆ ಸಂಬಂಧಿಸಿದ್ದಲ್ಲ. ಬೇಡ ಅನ್ನಿಸಿದ ದಿನ ಬಿಡಬಹುದು, ಯಾಕೆ ಅಂತ ಕೇಳಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬೇಕು. ಮೊದಲ ತಿಂಗಳೇ ಹನ್ನೊಂದನೇ ಅಧ್ಯಾಯದ ಆ ಅಂಜೂರದ ಮರ ಯಾಕೆ ಒಣಗಬೇಕಿತ್ತು, ಅದು ಹಣ್ಣಿನ ಕಾಲವೇ ಅಲ್ಲವಲ್ಲ ಅಂತ ಹಿಡಿದುಕೊಂಡ. ಮುಂದಿನದನ್ನೆಲ್ಲಾ ಅವನೇ ಓದಿಕೊಂಡು ಬಂದಿದ್ದ! "ನನಗೂ ಗೊತ್ತಿಲ್ಲಪಾ" ಅಂದೆ. ನಕ್ಕ. "ಹಂಗಾರ ನೀವೂ ಹುಡುಕ್ರಿ" ಅಂದ. ಎಷ್ಟೋ ವರ್ಷದ ಮೇಲೆ ನಾನು ಹುಡುಕಿಕೊಂಡು ಬೈಬಲ್ ಓದಿದ್ದು ಆ ವಾರ.

ಅವನು ಮುಂದೇನಾಗ್ತಾನೋ ನನಗೆ ತಿಳಿಯದು. ನೌಕರಿ ಬದಲಾದರೆ ಪುಣೆಗೋ ಹೈದರಾಬಾದಿಗೋ ಹೋಗಬಹುದು. ತಿಂಗಳು ತಿಂಗಳು ಎಸ್‌ಐಪಿ ಕಟ್ಟಿ ಹದಿನೈದು ವರ್ಷ ಕಾಯೋ ತಾಳ್ಮೆ ನಮಗೆ ಇದೆ. ಒಬ್ಬ ಮನುಷ್ಯನ ವಿಷಯಕ್ಕೆ ಬಂದಾಗ ಮಾತ್ರ ನಾಳೆಯೇ ಲಾಭ ಕಾಣಬೇಕಾ?

ಮುಂದಿನ ಭಾನುವಾರ ಲೋಕಲ್ಲಿಗೆ ಓಡೋ ಮೊದಲು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿ. ಯಾರೋ ಒಬ್ಬರು ಚಹಾ ಲೋಟ ಹಿಡಿದು ಸುಮ್ಮನೆ ನಿಂತಿರ್ತಾರೆ. ಅವರಿಗೆ ಪಾಸ್ಟರ್ ವಿಳಾಸ ಕೊಡಬೇಡಿ. ನಿಮ್ಮ ಮನೆ ವಿಳಾಸ ಕೊಡಿ.