ಒಂಬತ್ತರ ಸಾಕ್ಷ್ಯ

ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕವನ್ನು ಬಿಡಿಸಿ ಕುಳಿತವರೆಲ್ಲ ಬಲ್ಲರು: ಲೆಕ್ಕ ಮಾಡುವುದಕ್ಕಿಂತ ಅದರಲ್ಲಿ ನುಸುಳಿದ ತಪ್ಪನ್ನು ಹಿಡಿಯುವುದೇ ಕಷ್ಟ. ಇದಕ್ಕೆ ಹಳೆಯದೊಂದು ಉಪಾಯವುಂಟು. ಸಂಖ್ಯೆಯ ಅಂಕಿಗಳನ್ನು ಕೂಡಿರಿ. ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿರಿ. ಒಂದೇ ಅಂಕಿ ಉಳಿಯುವವರೆಗೆ ಹೀಗೆಯೇ ನಡೆಯಲಿ.

28 ರೂಪಾಯಿ ದರದ 347 ಪುಸ್ತಕಗಳಿಗೆ 9,716 ರೂಪಾಯಿ ಎಂದು ಬರೆದಿದ್ದೀರೆನ್ನಿ. 347ರಿಂದ 14, ಅದರಿಂದ 5. 28ರಿಂದ 10, ಅದರಿಂದ 1. ಇವೆರಡರ ಗುಣಲಬ್ಧ 5. ಇತ್ತ 9,716ರಿಂದ 23, ಅದರಿಂದಲೂ 5. ಸಾಕ್ಷ್ಯ ಹೊಂದಿತು!

ಇದರ ಗುಟ್ಟೇನು? ಹತ್ತರಲ್ಲಿ ಒಂದು ಕಳೆದರೆ 9, ನೂರರಲ್ಲಿ ಕಳೆದರೆ 99. ಎರಡೂ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಆದುದರಿಂದ ಅಂಕಿ ಯಾವ ಸ್ಥಾನದಲ್ಲಿದ್ದರೂ ಒಂಬತ್ತರ ಭಾಗಾಕಾರದಲ್ಲಿ ತನ್ನಷ್ಟನ್ನೇ ಉಳಿಸುತ್ತದೆ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿ ಮೊದಮೊದಲು ಅಂಕಿಗಳನ್ನು ಒಂದೊಂದಾಗಿ ಕಿತ್ತು, ಕೂಡಿ, ಮತ್ತೆ ಕಿತ್ತು ಯಂತ್ರವನ್ನು ದುಡಿಸುತ್ತಾನೆ. ಗುಟ್ಟು ತಿಳಿದವನಿಗೆ ಒಂದೇ ಸಾಲು ಸಾಕು: ಸಂಖ್ಯೆಯಿಂದ ಒಂದು ಕಳೆ, ಒಂಬತ್ತರಿಂದ ಭಾಗಿಸು, ಶೇಷಕ್ಕೆ ಒಂದು ಕೂಡಿಸು. ಸೊನ್ನೆಗೆ ಮಾತ್ರ ಉತ್ತರ ಸೊನ್ನೆಯೇ.

ಆದರೆ ಈ ಸಾಕ್ಷಿಯನ್ನು ಕಣ್ಣುಮುಚ್ಚಿ ನಂಬಬಾರದು. ಅವಸರದಲ್ಲಿ 9,716ರ ಬದಲು 9,176 ಎಂದು ಬರೆದರೆ? ಅಂಕಿಗಳು ಅವೇ, ಮೊತ್ತವೂ ಅದೇ. ತಪ್ಪು ತಲೆಯೆತ್ತಿ ಪಾರಾಗುತ್ತದೆ. ಈ ದೋಷಕ್ಕೆ ಮದ್ದು ಹುಡುಕಿದವರಲ್ಲಿ ಐಬಿಎಂ ಸಂಸ್ಥೆಯ ಹ್ಯಾನ್ಸ್ ಪೀಟರ್ ಲೂನ್ ಒಬ್ಬರು. 1954ರಲ್ಲಿ ಅವರು ಅರ್ಜಿ ಸಲ್ಲಿಸಿದ ವಿಧಾನಕ್ಕೆ 1960ರಲ್ಲಿ ಪೇಟೆಂಟ್ ದೊರೆಯಿತು. ಅದರಲ್ಲಿ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಸಿ, ಎರಡಂಕಿ ಬಂದರೆ ಅವನ್ನು ಕೂಡಿ, ಬಳಿಕ ಒಟ್ಟು ಮೊತ್ತವನ್ನು ಪರೀಕ್ಷಿಸುತ್ತಾರೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ, 09 ಮತ್ತು 90ರ ಜೋಡಿಯೊಂದನ್ನುಳಿದು, ಎಲ್ಲವೂ ಸಿಕ್ಕಿಬೀಳುತ್ತವೆ. ನಿಮ್ಮ ಕೈಚೀಲದ ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಕಾಯುತ್ತಿರುವುದು ಇದೇ ವಿಧಾನ.

ಕಾರ್ಡಿಗೇನೋ ಕಾವಲಾಯಿತು, ಮನೆಯ ಲೆಕ್ಕಕ್ಕೆ? ಅಲ್ಲಿ ಮತ್ತೆ ಒಂಬತ್ತೇ ಗತಿ! 9,716ರಲ್ಲಿ 9,176 ಕಳೆದರೆ 540. ಅದು ಒಂಬತ್ತರ ಅರವತ್ತರಷ್ಟು. ಅಂಕಿಗಳು ಸ್ಥಾನ ಬದಲಿಸಿದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಮುಂದೊಮ್ಮೆ ಜಮಾಖರ್ಚು ತಾಳೆಯಾಗದಿದ್ದರೆ ಮನೆಯವರ ಮೇಲೆ ರೇಗುವ ಮುನ್ನ ಆ ವ್ಯತ್ಯಾಸವನ್ನು ಒಂಬತ್ತರಿಂದ ಭಾಗಿಸಿ ನೋಡಿ. ಶೇಷ ಉಳಿಯದಿದ್ದರೆ, ಮೊದಲು ಸಂಶಯಪಡಬೇಕಾದುದು ನಿಮ್ಮ ಕೈಬರಹವನ್ನೇ!