ಏರ್‌ಪೋರ್ಟ್ ಬಾಡಿ ಸ್ಕ್ಯಾನರ್: ಮೈ ಫೋಟೊ ತೆಗೀತಾರಾ? ಯರಮರಸ್ ನಿಲ್ದಾಣ ಶುರುವಾಗೋ ಮುಂಚೆ ಕೇಳಬೇಕಾದ್ದು

ಬಾಗಲವಾಡ: ‘ಆ ಮಷಿನ್‌ನ್ಯಾಗ ನಿಂತ್ರ ಬಟ್ಟಿ ಒಳಗಿಂದು ಎಲ್ಲಾ ಕಾಣ್ತದಂತ, ಹೌದೇನ್ರಿ?’ ವಿಮಾನ ನಿಲ್ದಾಣದ ಬಾಡಿ ಸ್ಕ್ಯಾನರ್ ಮಾತು ಬಂದ್ರೆ ನಮ್ಮ ಕಡೆ ಮೊದಲು ಬರೋ ಪ್ರಶ್ನೆ ಇದೇ. ಅದರ ಬೆನ್ನಿಗೇ ಇನ್ನೊಂದು: ‘ಎಕ್ಸ್‌ರೇ ಇದ್ದಂಗಾ ಅದು? ಬಸುರಿ ಹೆಣ್ಮಕ್ಕಳು ಹೋಗಬಹುದಾ?’

ಹಳ್ಳಿ ಮಂದಿ ಅಂಜಿಕೆ ಅಂತ ಇದನ್ನ ನಕ್ಕು ಬಿಡುವಂತಿಲ್ಲ. ಇವೇ ಎರಡು ಪ್ರಶ್ನೆಗಳನ್ನು ಅಮೆರಿಕದ ಮಂದಿ ಕೋರ್ಟಿಗೆ ಒಯ್ದರು, ಯುರೋಪಿನವರು ಇವುಗಳ ಮೇಲೆ ನಿಯಮ ಮಾಡಿದರು. ಅವರು ಜೋರಾಗಿ ಕೇಳಿದ್ದಕ್ಕೇ ಮಷಿನ್ ಬದಲಾಯ್ತು. ನಾವೂ ಕೇಳಬೇಕು. ಆದ್ರೆ ಏನು ಕೇಳಬೇಕು ಅನ್ನೋದು ಮೊದಲು ಗೊತ್ತಿರಬೇಕು.

ಈ ಮಾತು ಈಗ ಯಾಕೆ ಅಂದ್ರೆ, ಈ ಮಷಿನ್ ನಮಗೆ ದೂರದ್ದಾಗಿ ಉಳಿದಿಲ್ಲ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ತನ್ನ ಟರ್ಮಿನಲ್ 2ರಲ್ಲಿ ಬಾಡಿ ಸ್ಕ್ಯಾನರ್ ಪ್ರಯೋಗ ಮಾಡೋದಾಗಿ 2023ರ ಡಿಸೆಂಬರ್‌ನಲ್ಲೇ ಹೇಳಿತ್ತು. ದೆಹಲಿ ನಿಲ್ದಾಣ 2025ರ ಮೇ ತಿಂಗಳಲ್ಲಿ ನಾಲ್ಕು ಸ್ಕ್ಯಾನರ್ ಪ್ರಯೋಗಕ್ಕೆ ಇಡೋದನ್ನು ಪ್ರಕಟಿಸಿತು. ದುಡಿಮೆಗೆ ಗಲ್ಫ್ ದೇಶಗಳಿಗೆ ಹೋಗೋ ನಮ್ಮ ಜಿಲ್ಲೆಯ ಮಂದಿಗೆ ಹೈದರಾಬಾದಿನ ಶಂಶಾಬಾದ್ ನಿಲ್ದಾಣವೇ ಹತ್ತಿರ. ನಾಳೆ ಯರಮರಸ್‌ನಲ್ಲಿ ನಮ್ಮದೇ ವಿಮಾನ ನಿಲ್ದಾಣ ಶುರುವಾದ್ರೆ, ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗದಿಂದ ಮೊದಲ ಸಲ ವಿಮಾನ ಹತ್ತೋರು ನೂರಾರು ಮಂದಿ ಇರ್ತಾರೆ.

ಮಷಿನ್ ಯಾಕೆ ಬಂತು

2009ರ ಡಿಸೆಂಬರ್ 25. ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ನೈಜೀರಿಯಾದ ಯುವಕನೊಬ್ಬ ಒಳಚಡ್ಡಿಯಲ್ಲಿ ಅಡಗಿಸಿಟ್ಟಿದ್ದ ಸ್ಫೋಟಕಕ್ಕೆ ಬೆಂಕಿ ಹಚ್ಚಲು ನೋಡಿದ. ಅದು ಸಿಡೀಲಿಲ್ಲ, ಪ್ರಯಾಣಿಕರೇ ಅವನನ್ನು ಹಿಡಿದರು. ಅವನ ಹತ್ರ ಇದ್ದದ್ದು ಲೋಹದ ವಸ್ತು ಅಲ್ಲ. ನಾವು ದಾಟಿ ಹೋಗೋ ಚೌಕಟ್ಟಿನ ಮೆಟಲ್ ಡಿಟೆಕ್ಟರ್ ಲೋಹ ಕಂಡ್ರೆ ಮಾತ್ರ ಕೂಗುತ್ತೆ. ಪುಡಿ, ಪ್ಲಾಸ್ಟಿಕ್ ಅದಕ್ಕೆ ಕಾಣಲ್ಲ. ಇದಾದ ಮೇಲೆ ಅಮೆರಿಕ ಬಾಡಿ ಸ್ಕ್ಯಾನರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತಂದು ನಿಲ್ಲಿಸಿತು.

ಭಾರತದಲ್ಲಿ ವಿಮಾನಯಾನ ಭದ್ರತೆಯ ನಿಯಮ ಮಾಡೋದು ಬಿಸಿಎಎಸ್ (ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ). ಅದು 2019ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿ, 28 ಅತಿಸೂಕ್ಷ್ಮ ಮತ್ತು 56 ಸೂಕ್ಷ್ಮ, ಒಟ್ಟು 84 ನಿಲ್ದಾಣಗಳಲ್ಲಿ 2020ರ ಮಾರ್ಚ್ ಒಳಗೆ ಸ್ಕ್ಯಾನರ್ ಹಾಕಬೇಕು ಅಂತು. ಗಡುವು ಮುಗಿಯೋ ಹೊತ್ತಿಗೆ ಕೊರೊನಾ ಬಂತು. ಅಲ್ಲಿಂದ ಇಲ್ಲೀತನಕ ಪ್ರಯೋಗ, ಟೆಂಡರ್ ಅಂತಲೇ ನಡೆದಿದೆ.

ಆರೋಗ್ಯ: ಎರಡು ಮಷಿನ್, ಎರಡು ಕಿರಣ

ಬಾಡಿ ಸ್ಕ್ಯಾನರ್ ಅಂದ್ರೆ ಒಂದೇ ಮಷಿನ್ ಅಲ್ಲ. ಮೊದಲ ಜಾತಿ ‘ಬ್ಯಾಕ್‌ಸ್ಕ್ಯಾಟರ್’. ಇದರಲ್ಲಿ ನಿಜವಾಗಿಯೂ ಎಕ್ಸ್‌ರೇ ಇತ್ತು. ಆದ್ರೆ ಬಹಳ ಕಡಿಮೆ. ಒಂದು ಸಲ ಸ್ಕ್ಯಾನ್ ಆದ್ರೆ ತಗಲೋ ವಿಕಿರಣ, ವಿಮಾನದಲ್ಲಿ 12 ಸೆಕೆಂಡ್ ಹಾರಿದಾಗ ಆಕಾಶದಿಂದ ತಗಲೋವಷ್ಟೇ ಅಂತ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2013ರಲ್ಲಿ ಅಳೆದು ಹೇಳಿತು. ಅದಕ್ಕೂ ಮುಂಚೆ, 2010ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನಾಲ್ವರು ವಿಜ್ಞಾನಿಗಳು ಸರ್ಕಾರಕ್ಕೆ ಪತ್ರ ಬರೆದು ತಕರಾರು ತೆಗೆದಿದ್ದರು. ಈ ಕಿರಣ ಇಡೀ ಮೈಗೆ ಹಂಚಿಹೋಗಲ್ಲ, ಚರ್ಮದಲ್ಲೇ ನಿಲ್ಲುತ್ತೆ, ಹಾಗಾಗಿ ಲೆಕ್ಕ ಬೇರೆ ಥರ ಹಾಕಬೇಕು ಅನ್ನೋದು ಅವರ ವಾದ. ಯುರೋಪ್ ಈ ಜಗಳವೇ ಬೇಡ ಅಂತ 2011ರ ನವೆಂಬರ್‌ನಲ್ಲಿ ಎಕ್ಸ್‌ರೇ ಸ್ಕ್ಯಾನರ್‌ಗಳನ್ನು ಹೊರಗಿಟ್ಟಿತು. ಅಮೆರಿಕವೂ 2013ರಲ್ಲಿ ಅವನ್ನು ನಿಲ್ದಾಣಗಳಿಂದ ತೆಗೆಸಿತು.

ಎರಡನೇ ಜಾತಿ ‘ಮಿಲಿಮೀಟರ್ ವೇವ್’. ಈಗ ಭಾರತಕ್ಕೆ ಬರ್ತಿರೋದು ಇದು. ಇದರಲ್ಲಿ ಎಕ್ಸ್‌ರೇ ಇಲ್ಲ. ಮೊಬೈಲ್ ಥರದ ರೇಡಿಯೊ ಅಲೆಗಳೇ, ಕಂಪನಾಂಕ ಮಾತ್ರ ಜಾಸ್ತಿ. ಶಕ್ತಿ ಮೊಬೈಲ್‌ಗಿಂತ ಸಾವಿರಾರು ಪಟ್ಟು ಕಡಿಮೆ. ಅಲೆ ಬಟ್ಟೆ ದಾಟಿ ಚರ್ಮಕ್ಕೆ ಬಡಿದು ವಾಪಸ್ ಬರುತ್ತೆ, ಮೈಯೊಳಗೆ ಇಳಿಯೋದಿಲ್ಲ. ಜೀವಕೋಶದ ಡಿಎನ್‌ಎ ಮುರಿಯೋ ತಾಕತ್ತು ಇದಕ್ಕಿಲ್ಲ. ಗರ್ಭಿಣಿಯರಿಗೂ, ಮೈಯಲ್ಲಿ ವೈದ್ಯಕೀಯ ಉಪಕರಣ ಹಾಕಿಸಿಕೊಂಡವರಿಗೂ ತೊಂದರೆ ಇಲ್ಲ ಅಂತ ದೆಹಲಿ ನಿಲ್ದಾಣ ತನ್ನ ಪ್ರಯೋಗದ ವೇಳೆ ಹೇಳಿದೆ. ವಿಮಾನ ನಿಲ್ದಾಣದಲ್ಲಿ ಎಕ್ಸ್‌ರೇ ಇರೋದು ಬ್ಯಾಗ್ ಹಾಕೋ ಮಷಿನ್‌ನಲ್ಲಿ. ಅದರೊಳಗೆ ನಾವು ಹೋಗಲ್ಲ.

ಹಂಗಾಗಿ ಕ್ಯಾನ್ಸರ್ ಭಯವನ್ನು ಬದಿಗಿಡಬಹುದು. ವೈದ್ಯರು ಬರೆದುಕೊಟ್ಟ ಸಿಟಿ ಸ್ಕ್ಯಾನ್ ಒಂದಕ್ಕೆ ತಗಲೋ ವಿಕಿರಣ, ಆ ಹಳೇ ಎಕ್ಸ್‌ರೇ ಸ್ಕ್ಯಾನರ್‌ನಲ್ಲಿ ಸಾವಿರಾರು ಸಲ ನಿಂತರೂ ತಗಲೋದಿಲ್ಲ.

ಖಾಸಗಿತನ: ಕಿರಣ ಬದಲಾದ್ರೆ ಸಾಲದು

ಮಾನದ ಪ್ರಶ್ನೆ ಬೇರೆಯೇ ಇದೆ. ಶುರುವಿನ ಮಷಿನ್‌ಗಳು ಬಟ್ಟೆಯೊಳಗಿನ ಮೈ ಆಕಾರವನ್ನು ತೋರಿಸ್ತಿದ್ದವು. ಬೇರೆ ಕೋಣೆಯಲ್ಲಿ ಕೂತ ಸಿಬ್ಬಂದಿ ಅದನ್ನ ನೋಡ್ತಿದ್ದರು. ‘ಚಿತ್ರ ಉಳಿಸಿಕೊಳ್ಳಲ್ಲ’ ಅಂತ ಅಮೆರಿಕ ಸರ್ಕಾರ ಹೇಳುತ್ತಲೇ ಇತ್ತು. ಆದ್ರೆ ಎಪಿಕ್ ಅನ್ನೋ ಸಂಸ್ಥೆ ದಾಖಲೆ ತರಿಸಿ ನೋಡಿದಾಗ, ಚಿತ್ರ ಉಳಿಸೋ, ಬೇರೆ ಕಡೆ ಕಳಿಸೋ ಸೌಲಭ್ಯ ಪರೀಕ್ಷೆಗಾಗಿ ಮಷಿನ್‌ನಲ್ಲಿ ಇರಲೇಬೇಕು ಅಂತ ಖರೀದಿ ಷರತ್ತಿನಲ್ಲೇ ಬರೆದಿತ್ತು. 2010ರಲ್ಲಿ ಇನ್ನೊಂದು ಹೊರಬಿತ್ತು. ಫ್ಲೋರಿಡಾದ ಒರ್ಲಾಂಡೊ ಕೋರ್ಟ್ ಬಾಗಿಲಲ್ಲಿದ್ದ ಸ್ಕ್ಯಾನರ್ ಸುಮಾರು 35,000 ಚಿತ್ರಗಳನ್ನು ಉಳಿಸಿಕೊಂಡಿತ್ತು. ನೆನಪಿರಲಿ, ಅದು ಎಕ್ಸ್‌ರೇ ಮಷಿನ್ ಆಗಿರಲಿಲ್ಲ, ಮಿಲಿಮೀಟರ್ ವೇವ್‌ನದೇ. ಅಂದ್ರೆ ಆರೋಗ್ಯಕ್ಕೆ ನಿರಪಾಯ ಅಂದಮಾತ್ರಕ್ಕೆ ಮಾನಕ್ಕೂ ನಿರಪಾಯ ಅಲ್ಲ. ಆರೋಗ್ಯ ಕಿರಣದ ಮೇಲೆ ನಿಂತಿದೆ. ಖಾಸಗಿತನ ಸಾಫ್ಟ್‌ವೇರ್ ಮೇಲೆ ಮತ್ತು ಅದನ್ನ ನಡೆಸೋರ ಮೇಲೆ ನಿಂತಿದೆ.

ನಟ ಶಾರುಖ್ ಖಾನ್ 2010ರಲ್ಲಿ ಬ್ರಿಟನ್‌ನ ಟಿ.ವಿ. ಕಾರ್ಯಕ್ರಮದಲ್ಲಿ, ಲಂಡನ್ ನಿಲ್ದಾಣದಲ್ಲಿ ತನ್ನ ಸ್ಕ್ಯಾನ್ ಚಿತ್ರದ ಪ್ರಿಂಟ್ ಮೇಲೆ ಸಹಿ ಹಾಕಿಕೊಟ್ಟೆ ಅಂದಿದ್ದು ಸುದ್ದಿಯಾಗಿತ್ತು. ಮಷಿನ್‌ನಲ್ಲಿ ಪ್ರಿಂಟ್ ತೆಗೆಯೋಕೇ ಬರಲ್ಲ ಅಂತ ನಿಲ್ದಾಣದವರು ಅದನ್ನ ಅಲ್ಲಗಳೆದರು.

ಕೊನೆಗೆ ಅಮೆರಿಕದ ಸಂಸತ್ತು 2012ರಲ್ಲಿ ಕಾನೂನು ಮಾಡಿತು: ಯಾರದೇ ಮೈ ಕಾಣಬಾರದು, ಎಲ್ಲರಿಗೂ ಒಂದೇ ಗೊಂಬೆ ಚಿತ್ರ, ಅನುಮಾನದ ಜಾಗದಲ್ಲಿ ಮಾತ್ರ ಗುರುತು. ಎಕ್ಸ್‌ರೇ ಮಷಿನ್‌ಗೆ ಈ ಸಾಫ್ಟ್‌ವೇರ್ ಸಕಾಲಕ್ಕೆ ಬರಲಿಲ್ಲ. ಅದು ನಿಲ್ದಾಣ ಬಿಟ್ಟಿದ್ದು ಇದೇ ಕಾರಣಕ್ಕೆ. ದೆಹಲಿ ಪ್ರಯೋಗದ ಮಷಿನ್ ಕೂಡ ಇಂಥ ಗೊಂಬೆ ಚಿತ್ರವನ್ನೇ ತೋರಿಸುತ್ತೆ, ವೈಯಕ್ತಿಕ ಚಿತ್ರ ಉಳಿಸಿಕೊಳ್ಳಲ್ಲ ಅಂತ ಅಲ್ಲಿನ ಆಡಳಿತ ಹೇಳಿದೆ.

ಮಷಿನ್ ಬಾರದಿದ್ರೆ ಮಾನ ಉಳಿಯುತ್ತಾ?

ಈ ಕಡೆಯನ್ನೂ ನೋಡಬೇಕು. ಸದ್ಯ ನಮ್ಮ ನಿಲ್ದಾಣಗಳಲ್ಲಿ ಪ್ರತಿಯೊಬ್ಬರ ಮೈಯನ್ನೂ ಕೈಯಿಂದ ತಡವಿ ನೋಡ್ತಾರೆ. ಹೆಣ್ಮಕ್ಕಳಿಗೆ ಪರದೆ ಹಿಂದೆ ಮಹಿಳಾ ಸಿಬ್ಬಂದಿ, ಗಂಡಸರಿಗೆ ಬಯಲಲ್ಲೇ. 2023ರ ಜನವರಿಯಲ್ಲಿ ಬೆಂಗಳೂರು ನಿಲ್ದಾಣದಲ್ಲಿ ತಪಾಸಣೆ ವೇಳೆ ಅಂಗಿ ತೆಗೆಯಲು ಹೇಳಿದರು ಅಂತ ಯುವತಿಯೊಬ್ಬರು ದೂರಿದ್ದು ದೇಶವೆಲ್ಲ ಚರ್ಚೆ ಆಯ್ತು, ನಿಲ್ದಾಣದ ಆಡಳಿತ ವಿಷಾದ ಹೇಳಿತು. 2021ರ ಅಕ್ಟೋಬರ್‌ನಲ್ಲಿ ನೃತ್ಯಗಾರ್ತಿ, ನಟಿ ಸುಧಾ ಚಂದ್ರನ್, ಪ್ರತಿ ಸಲವೂ ಕೃತಕ ಕಾಲು ಬಿಚ್ಚಿಸುತ್ತಾರೆ ಅಂತ ಪ್ರಧಾನಿಗೆ ವಿಡಿಯೊ ಮೂಲಕ ಮೊರೆ ಇಟ್ಟರು. ಸಿಐಎಸ್‌ಎಫ್ ಕ್ಷಮೆ ಕೇಳಿತು. ಆ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಘನತೆ ಕಾಪಾಡಬೇಕಾದ್ರೆ ಕೃತಕ ಅಂಗ ತೆಗೆಸಬಾರದು ಅಂತ ಹೇಳಿತು.

ಹೆಸರು ಇರೋರ ವಿಡಿಯೊಕ್ಕೆ ಕ್ಷಮೆ ಸಿಗುತ್ತೆ. ಪೋಲಿಯೊ ಆಗಿ ಕಾಲಿಗೆ ಕ್ಯಾಲಿಪರ್ ಹಾಕಿಕೊಂಡ ಮಾನ್ವಿ ಕಡೆಯ ಹುಡುಗ ಅಲ್ಲಿ ಯಾವ ಭಾಷೆಯಲ್ಲಿ, ಯಾರಿಗೆ ಮೊರೆ ಇಡಬೇಕು? ಮುಟ್ಟದೇ ನೋಡೋ ಮಷಿನ್ ಸರಿಯಾಗಿ ಬಳಕೆಯಾದ್ರೆ ಇಂಥೋರಿಗೇ ಹೆಚ್ಚು ಅನುಕೂಲ.

ಸೀರೆ ನಿರಿಗೆ, ರುಮಾಲು, ಎಲೆಅಡಿಕೆ ಸಂಚಿ

ಸರಿಯಾಗಿ ಬಳಕೆಯಾದ್ರೆ ಅನ್ನೋ ಮಾತಿಗೆ ಕಾರಣ ಇದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆದ ಪ್ರಯೋಗದಲ್ಲಿ ಬಟ್ಟೆಯ ಮಡಿಕೆ, ಬೆವರಿಗೆಲ್ಲ ಮಷಿನ್ ಸುಮ್ಮಸುಮ್ಮನೆ ಕೂಗಿ, 2011ರಲ್ಲಿ ಅಲ್ಲಿನ ಸರ್ಕಾರ ಯೋಜನೆಯನ್ನೇ ಮುಂದೂಡಿತು. ಪ್ಯಾಂಟು, ಕೋಟಿನ ಮಡಿಕೆಗೇ ಹಂಗಾದ್ರೆ ಇಳಕಲ್ ಸೀರೆಯ ನಿರಿಗೆ, ಧೋತರದ ಕಚ್ಚೆ, ತಲೆಯ ರುಮಾಲು, ಸೊಂಟದಲ್ಲಿ ಸಿಗಿಸಿದ ಎಲೆಅಡಿಕೆ ಸಂಚಿಗೆ ಏನಾದೀತು? ರಾಯಚೂರಿನ ಬೇಸಿಗೆ ಬೆವರು ಬೇರೆ. ಮಷಿನ್‌ಗಳು ಆಮೇಲೆ ಸುಧಾರಿಸಿವೆ, ನಿಜ. ಆದ್ರೂ ಅಮೆರಿಕದಲ್ಲಿ ಕಪ್ಪು ಮಹಿಳೆಯರ ಜಡೆ, ದಟ್ಟ ಕೂದಲಿಗೆ ಮಷಿನ್ ಪದೇಪದೇ ಕೂಗ್ತಿದೆ ಅಂತ 2019ರಲ್ಲೂ ವರದಿಯಾಗಿದೆ. ಅಲ್ಲಿ ಸಿಬ್ಬಂದಿ ಗಂಡು ಅಥವಾ ಹೆಣ್ಣು ಅಂತ ಬಟನ್ ಒತ್ತಬೇಕಿತ್ತು. ಅದರಿಂದ ಲಿಂಗತ್ವ ಅಲ್ಪಸಂಖ್ಯಾತರಿಗೆ ಮತ್ತೆ ಮತ್ತೆ ಅವಮಾನ ಆಗಿ, 2022ರಲ್ಲಿ ಆ ಪದ್ಧತಿ ಬಿಡೋದಾಗಿ ಸರ್ಕಾರ ಪ್ರಕಟಿಸಿತು. ಜೋಗತಿಯರು, ಮಂಗಳಮುಖಿಯರು ಇರೋ ನಮ್ಮ ಭಾಗಕ್ಕೆ ಇದು ದೂರದ ಸಮಸ್ಯೆ ಅಲ್ಲ.

ಮಷಿನ್ ಕೂಗಿದ ಮೇಲೆ ಮತ್ತೆ ಕೈ ತಪಾಸಣೆಯೇ. ಆಗ ‘ಸೀರೆ ಸಡಿಲ ಮಾಡಿ’ ಅಂತ ಹಿಂದಿಯಲ್ಲಿ ಹೇಳಿದ್ರೆ ಅರ್ಥ ಆಗದ ಅಜ್ಜಿ ಏನು ಮಾಡಬೇಕು?

ಒಳಗೆ ಯಾರು, ಹೊರಗೆ ಯಾರು

ಇನ್ನೊಂದು ಮಾತು. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಹೀಗೆ ವಿಮಾನ ಹತ್ತೋ ಮುಂಚಿನ ತಪಾಸಣೆಯಿಂದ ವಿನಾಯಿತಿ ಇರೋರ ಪಟ್ಟಿಯೇ ಇದೆ. ಇಳಿದ ಮೇಲಿನ ಕಸ್ಟಮ್ಸ್ ಕಡೆಯದೂ ಒಂದು ಕಥೆ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕನ್ನಡದ ನಟಿಯೊಬ್ಬರನ್ನು 14.2 ಕೆ.ಜಿ. ಚಿನ್ನದ ಜೊತೆ ಡಿಆರ್‌ಐ ಬಂಧಿಸಿದಾಗ, ಪ್ರೋಟೊಕಾಲ್ ಸೌಲಭ್ಯ ಬಳಸಿ ತಪಾಸಣೆ ತಪ್ಪಿಸಿಕೊಂಡ ಆರೋಪ ಕೇಳಿಬಂತು. ಆರೋಪ ಸಾಬೀತಾಗೋದು ಕೋರ್ಟಿನಲ್ಲಿ. ಆದ್ರೆ ಎಷ್ಟು ಕೋಟಿಯ ಮಷಿನ್ ತಂದ್ರೂ, ಅದರ ಮುಂದೆ ಬಂದು ನಿಂತವರನ್ನು ಮಾತ್ರ ಅದು ನೋಡುತ್ತೆ. ಬಡವರಿಗಷ್ಟೇ ಮಷಿನ್ ಅಂತಾದ್ರೆ ಅದಕ್ಕೆ ಭದ್ರತೆ ಅನ್ನೋಕಾಗಲ್ಲ.

ನಾವು ಕೇಳಬೇಕಾದ್ದು

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ನಮ್ಮ ರಾಜ್ಯದವರೇ ತಂದುಕೊಟ್ಟ ಹಕ್ಕು. ಸರ್ಕಾರ ಇದರೊಳಗೆ ಕೈಹಾಕಬೇಕಾದ್ರೆ ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಅಗತ್ಯಕ್ಕಿಂತ ಹೆಚ್ಚು ಕೈಹಾಕಬಾರದು ಅಂತ ಆ ತೀರ್ಪು ಹೇಳುತ್ತೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮನ್ನ ಕಾಯುತ್ತೆ ಅಂದುಕೊಂಡ್ರೆ, ದೇಶದ ಭದ್ರತೆಯ ಹೆಸರಲ್ಲಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡೋ ಅಧಿಕಾರ ಅದರಲ್ಲೇ ಕೇಂದ್ರಕ್ಕೆ ಇದೆ. ಮಾಹಿತಿ ಹಕ್ಕಿನಲ್ಲಿ ಕೇಳೋಣ ಅಂದ್ರೆ, ಸಿಐಎಸ್‌ಎಫ್ ಆ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆ ಬಿಟ್ಟು ಬೇರೆ ಮಾಹಿತಿ ಅದು ಕೊಡಬೇಕಿಲ್ಲ. ಆಮೇಲೆ ಕೇಳಿ ಪಡೆಯೋ ದಾರಿ ಇಷ್ಟು ಇಕ್ಕಟ್ಟು ಇರೋದ್ರಿಂದ, ಮೊದಲೇ ಬರೆದು ಹಾಕಿಸಬೇಕು.

ಯುರೋಪಿನ ನಿಯಮ ಇದಕ್ಕೆ ಒಳ್ಳೇ ಮಾದರಿ. ಚಿತ್ರ ಉಳಿಸುವಂತಿಲ್ಲ, ಪ್ರಿಂಟ್ ತೆಗೆಯುವಂತಿಲ್ಲ, ಪ್ರಯಾಣಿಕರಿಗೆ ಮೊದಲೇ ತಿಳಿಸಬೇಕು, ಬೇಡ ಅಂದವರಿಗೆ ಬೇರೆ ರೀತಿ ತಪಾಸಣೆ ಮಾಡಬೇಕು. ಇಷ್ಟನ್ನು ಯರಮರಸ್‌ನ ಗೇಟಿನ ಮುಂದೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಬೇಕು. ಓದು ಬಾರದವರಿಗೆ ಚಿತ್ರದಲ್ಲಿ ತೋರಿಸಬೇಕು. ಮಷಿನ್‌ನ ಪರದೆ ಪ್ರಯಾಣಿಕರಿಗೂ ಕಾಣೋ ಹಾಗೆ ಇಡಬೇಕು, ಗೊಂಬೆ ಚಿತ್ರ ಕಣ್ಣಾರೆ ಕಂಡ್ರೆ ಅರ್ಧ ಅಂಜಿಕೆ ಅಲ್ಲೇ ಹೋಗುತ್ತೆ. ಮಷಿನ್ ಕೂಗಿದ್ರೆ ಮುಚ್ಚಿದ ಕೋಣೆಯಲ್ಲಿ, ಕನ್ನಡ ಬಲ್ಲ ಸಿಬ್ಬಂದಿ ತಪಾಸಣೆ ಮಾಡಬೇಕು. ಕೃತಕ ಕಾಲು ಬಿಚ್ಚಿಸಬಾರದು ಅನ್ನೋ ಕೋರ್ಟಿನ ಮಾತು ಅದೇ ಬೋರ್ಡಿನಲ್ಲಿ ಇರಬೇಕು. ದೂರು ಕೊಡಬೇಕಾದ ಅಧಿಕಾರಿಯ ಫೋನ್ ನಂಬರ್ ಕೂಡ.

ರನ್‌ವೇ ಉದ್ದ ಎಷ್ಟು, ವಿಮಾನ ಯಾವಾಗ ಬರುತ್ತೆ ಅಂತ ನಮ್ಮ ಶಾಸಕರು, ಸಂಸದರು ಸಭೆಗಳಲ್ಲಿ ಕೇಳ್ತಾನೇ ಇರ್ತಾರೆ. ಈ ಬೋರ್ಡಿನ ಮಾತನ್ನೂ ಅದೇ ಸಭೆಯಲ್ಲಿ ಎತ್ತಲಿ. ಖರ್ಚು ಒಂದು ತಗಡಿನ ಹಲಗೆ, ಒಂದು ಡಬ್ಬಿ ಬಣ್ಣದ್ದು.