ಮಕ್ಕಳ ಗಾಲಿಗೆ ನೆಲವೆಲ್ಲಿ?

ನಮ್ಮ ಪಟ್ಟಣಗಳ ಬೀದಿಗಳು ಮಕ್ಕಳ ಕೈತಪ್ಪಿಹೋಗಿರುವುವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಸಂಜೆಯಾಯಿತೆಂದು ಬೈಸಿಕಲ್ಲನ್ನೋ, ಕಾಲಿನಿಂದ ತಳ್ಳುವ ಸ್ಕೂಟರನ್ನೋ ಹಿಡಿದು ಹೊರಬೀಳುವ ಬಾಲಕನಿಗೆ ಒಂದು ಕಡೆ ಲಾರಿಯ ಭಯ, ಇನ್ನೊಂದು ಕಡೆ ಉದ್ಯಾನದ ಕಾವಲುಗಾರನ ಗದರಿಕೆ. 2022ನೆಯ ಇಸವಿಯೊಂದರಲ್ಲಿಯೇ ಈ ದೇಶದ ರಸ್ತೆಗಳಲ್ಲಿ 1,68,491 ಜನರು ಅಪಘಾತಗಳಿಂದ ಮಡಿದರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಇಂತಹ ರಸ್ತೆಗೆ ಮಗುವನ್ನು ಕಳುಹಿಸಲು ತಾಯಿಯು ಅಂಜುವುದು ಸಹಜ. ಬೀದಿಯಲ್ಲಿ ಆಡಬೇಡವೆಂದು ಹಿರಿಯರು ಹೇಳುವುದು ಯುಕ್ತ. ಆದರೆ ಎಲ್ಲಿ ಆಡಬೇಕೆಂಬುದನ್ನು ತೋರಿಸದೆ ಆಡಬೇಡವೆನ್ನುವುದು ಅರ್ಧ ಧರ್ಮ ಮಾತ್ರ. ಉಳಿದರ್ಧವನ್ನು ಪೂರೈಸತಕ್ಕ ಭಾರವು ಪುರಸಭೆಗಳದು.

ನಮ್ಮ ರಾಜ್ಯ ಸರ್ಕಾರವು 2006-07ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಉಚಿತವಾಗಿ ಹಂಚುವ ಕಾರ್ಯವನ್ನು ಆರಂಭಿಸಿತು. ಆ ಯೋಜನೆಗೆ ಮುಂದೆ ಬಂದ ವಿಘ್ನಗಳ ವಿಚಾರ ಬೇರೆ. ಲಕ್ಷಾಂತರ ಬಡ ಬಾಲಕ ಬಾಲಿಕೆಯರ ಕೈಗೆ ಗಾಲಿ ಬಂದಿತೆಂಬುದು ಶ್ಲಾಘ್ಯವಾದ ಸಂಗತಿಯೇ ಸರಿ. ಆದರೆ ಗಾಲಿಯನ್ನು ಕೊಟ್ಟವರು ಅದನ್ನು ನಿರ್ಭಯವಾಗಿ ಉರುಳಿಸುವುದಕ್ಕೆ ನೆಲವನ್ನು ಕೊಡಲಿಲ್ಲ.

ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸತಕ್ಕ ಒಂದು ಸಾಧನವು ಅನೇಕ ದೇಶಗಳಲ್ಲಿ ಬಳಕೆಗೆ ಬಂದಿದೆ. ಅದರ ಹೆಸರು ಪಂಪ್ ಟ್ರ್ಯಾಕ್. ಸಾಲಾಗಿ ಏಳುವ ಸಣ್ಣ ದಿಬ್ಬಗಳು, ಕೊನೆಗಳಲ್ಲಿ ಒಳಮುಖವಾಗಿ ವಾಲಿದ ತಿರುವುಗಳು, ಹೊರಟಲ್ಲಿಗೇ ಮರಳಿ ಬರುವ ದಾರಿ: ಇಷ್ಟೇ ಅದರ ಸ್ವರೂಪ. ಇಲ್ಲಿ ಪೆಡಲನ್ನು ತುಳಿಯಬೇಕಾದುದಿಲ್ಲ, ನೆಲವನ್ನು ಒದೆಯಬೇಕಾದುದಿಲ್ಲ. ಉಯ್ಯಾಲೆಯ ಮೇಲಿನ ಮಗುವು ಹೇಗೆ ಮೈಯನ್ನು ಬಾಗಿಸಿ ನೀಡಿ ಜೀಕುವುದೋ ಹಾಗೆಯೇ, ದಿಬ್ಬವನ್ನೇರುವಾಗ ಮೈಯನ್ನು ಹಗುರಮಾಡಿ ಇಳಿಯುವಾಗ ಕೈಕಾಲುಗಳಿಂದ ಅದುಮಿದರೆ ವೇಗವು ತಾನಾಗಿ ಕೂಡಿಬರುತ್ತದೆ. ಆದುದರಿಂದ ಇದನ್ನು ಕನ್ನಡದಲ್ಲಿ ಜೀಕುದಾರಿಯೆಂದು ಕರೆದರೆ ಒಪ್ಪುವುದು. ಬೈಸಿಕಲ್ಲು, ಸ್ಕೇಟ್‌ಬೋರ್ಡು, ಸ್ಕೂಟರುಗಳು ಮೂರಕ್ಕೂ ಒಂದೇ ದಾರಿ ಸಲ್ಲುತ್ತದೆ. ಐದು ವರ್ಷದ ಮಗುವೂ ಇಪ್ಪತ್ತೈದರ ತರುಣನೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಅದರಲ್ಲಿ ಸಾಗಬಹುದು.

ಕುಡಿಯುವ ನೀರಿಗೂ ಚರಂಡಿಗೂ ಹಣ ಸಾಲದಿರುವಾಗ ಶ್ರೀಮಂತರ ಮಕ್ಕಳ ವಿನೋದಕ್ಕೆ ಸಾರ್ವಜನಿಕ ದ್ರವ್ಯವೇಕೆಂದು ಆಕ್ಷೇಪಿಸುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಆದರೆ ಶ್ರೀಮಂತರ ಮಕ್ಕಳಿಗೆ ಕ್ಲಬ್ಬುಗಳೂ ಗೋಡೆ ಸುತ್ತಿದ ಬಡಾವಣೆಗಳೂ ಇವೆ. ಏನೂ ಇಲ್ಲದವರು ಉಳಿದವರ ಮಕ್ಕಳು. ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯನ್ನು ನೋಡಿರಿ. ಅಲ್ಲಿ 2015ರಲ್ಲಿ ಸ್ಕೇಟ್‌ಬೋರ್ಡಿಗಾಗಿ ಒಂದು ಕಾಂಕ್ರೀಟು ಅಂಗಳವು ತೆರೆಯಿತು. ಶಾಲೆಗೆ ಹೋಗದವರಿಗೆ ಸ್ಕೇಟಿಂಗಿಲ್ಲ, ಹೆಣ್ಣುಮಕ್ಕಳಿಗೆ ಮೊದಲ ಸರದಿ, ಇವೆರಡೇ ಅಲ್ಲಿಯ ಮುಖ್ಯ ನಿಯಮಗಳು. ಬೇರೆ ಬೇರೆಯಾಗಿ ಬಾಳುತ್ತಿದ್ದ ಆದಿವಾಸಿಗಳ ಮಕ್ಕಳೂ ಯಾದವರ ಮಕ್ಕಳೂ ಆ ಅಂಗಳದಲ್ಲಿ ಕೂಡಿ ಆಡಿದರು. ಭಾಷಣಗಳಿಂದ ಆಗದ ಕೆಲಸವನ್ನು ನಾಲ್ಕು ಗಾಲಿಯ ಹಲಗೆಯೊಂದು ಮಾಡಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಇದೇ ಆಟದಲ್ಲಿ ಹದಿಮೂರು ವರ್ಷದ ಜಪಾನೀ ಬಾಲಿಕೆಯೊಬ್ಬಳು ಸುವರ್ಣಪದಕವನ್ನು ಪಡೆದಳು. ಆದರೆ ನಾವು ಪದಕಕ್ಕಾಗಿ ಈ ಮಾತನ್ನೆತ್ತಿಲ್ಲ. ಬಿದ್ದು ಏಳುವುದನ್ನೂ ಸರದಿಗೆ ಕಾಯುವುದನ್ನೂ ಕಲಿತ ಮಕ್ಕಳೇ ಊರಿಗೆ ಲಾಭ.

ಆದರೆ ಇದನ್ನು ಹೇಗೆ ಬೇಕಾದರೂ ಕಟ್ಟಬಹುದೆಂದು ಭಾವಿಸಕೂಡದು. ಸಾಧಾರಣವಾದ ಜೀಕುದಾರಿಗೆ 5ರಿಂದ 10 ಗುಂಟೆ ನೆಲವು ಸಾಕು. ಅದಕ್ಕಾಗಿ ಇರುವ ಆಟದ ಬಯಲನ್ನು ಕಸಿಯುವುದಾಗಲಿ, ಕೆರೆಯಂಗಳವನ್ನು ತುಂಬುವುದಾಗಲಿ ಸಲ್ಲದು. ಬಯಲುಗಳ ರಕ್ಷಣೆಗೆಂದೇ ನಮ್ಮಲ್ಲಿ 1985ರ ಶಾಸನವಿದೆ. ಸ್ಥಳವು ಊರ ಮಗ್ಗುಲಿನ ನಿರ್ಜನ ಮೂಲೆಯಾಗಿರದೆ ಹತ್ತು ಜನರ ಕಣ್ಣಿಗೆ ಬೀಳುವಂತಿರತಕ್ಕದ್ದು. ಇಲ್ಲದಿದ್ದರೆ ಹೆಣ್ಣುಮಕ್ಕಳು ಬಾರರು. ಮಣ್ಣಿನಿಂದ ಕಟ್ಟಿದರೆ ವೆಚ್ಚವು ಕಡಿಮೆ, ದಿಟ. ಆದರೆ ಮಣ್ಣಿನ ಮೇಲೆ ಬೈಸಿಕಲ್ಲಿನ ದೊಡ್ಡ ಗಾಲಿಯು ಓಡೀತೇ ಹೊರತು ಸ್ಕೇಟ್‌ಬೋರ್ಡಿನ ಪುಟ್ಟ ಗಾಲಿಯು ಓಡದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಮಣ್ಣಿನ ದಿಬ್ಬಗಳು ಒಂದು ಮುಂಗಾರನ್ನೂ ದಾಟಲಾರವು. ಉತ್ತರದ ಜಿಲ್ಲೆಗಳ ಎರೆಭೂಮಿಯೋ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವಂಥದು. ಅದನ್ನು ತೆಗೆದು ಮೊರಮ್ಮನ್ನು ತುಂಬಿ ಅದುಮದೆ ಮೇಲೆ ಡಾಂಬರು ಹಾಕಿದರೆ ಹಣವೆಲ್ಲ ನೀರಪಾಲು. ತಗ್ಗುಗಳಲ್ಲಿ ನೀರು ನಿಲ್ಲದಂತೆ ಚರಂಡಿ, ಡಾಂಬರು ಕಾಯದಂತೆ ಸುತ್ತಲೂ ನೆರಳಿನ ಮರ, ಚಿಕ್ಕವರಿಗೆ ಬೇರೆಯೇ ಒಂದು ಕಿರುದಾರಿ ಇರತಕ್ಕದ್ದು.

ಕೆಲಸವನ್ನು ರಸ್ತೆಯ ಕಂತ್ರಾಟುದಾರರಿಗೇ ಒಪ್ಪಿಸಿ ಕೈತೊಳೆದುಕೊಳ್ಳುವುದೂ ಅಪಾಯಕರ. ಒಂದಡಿ ಎತ್ತರದ ದಿಬ್ಬಕ್ಕೆ ಮುಂದಿನ ದಿಬ್ಬವು ಸುಮಾರು ಹತ್ತಡಿ ದೂರದಲ್ಲಿರಬೇಕೆಂಬುದು ಇದನ್ನು ಕಟ್ಟುವವರ ಸಾಮಾನ್ಯ ಲೆಕ್ಕ. ಆ ಲೆಕ್ಕವು ತಪ್ಪಿದರೆ ಜೀಕುದಾರಿಯ ಬದಲಿಗೆ ನಮ್ಮ ರಸ್ತೆಯುಬ್ಬುಗಳ ಸಾಲೊಂದು ಸಿದ್ಧವಾದೀತು. ಆದುದರಿಂದ ಬಲ್ಲವರಿಂದ ನಕ್ಷೆಯನ್ನು ಬರೆಯಿಸಿ, ಪುರಭವನದಲ್ಲಿ ತೂಗುಹಾಕಿ, ಸವಾರಿ ಮಾಡತಕ್ಕ ಮಕ್ಕಳನ್ನೂ ಅವರ ಉಪಾಧ್ಯಾಯರನ್ನೂ ಕರೆದು ಕೇಳಿದ ಮೇಲೆ ಗುದ್ದಲಿ ಹಾಕುವುದು ಕ್ಷೇಮ. ಪ್ರವೇಶಕ್ಕೆ ಶುಲ್ಕವಿರಬಾರದು. ಸ್ವಂತ ಗಾಲಿಯಿಲ್ಲದ ಮಕ್ಕಳಿಗಾಗಿ ಕೆಲವು ಬೈಸಿಕಲ್ಲುಗಳನ್ನೂ ಹಲಗೆಗಳನ್ನೂ ತಲೆಗಾಪುಗಳನ್ನೂ ಎರವಲಿಗೆ ಇಟ್ಟಿರಬೇಕು. ಕಟ್ಟುವ ಹಣದೊಡನೆಯೇ ದುರಸ್ತಿಯ ಹಣವನ್ನೂ ಆಯವ್ಯಯ ಪತ್ರದಲ್ಲಿ ತೋರಿಸಬೇಕು. ಉದ್ಘಾಟನೆಯ ಕಲ್ಲು ಹೊಳೆಯುತ್ತಿದ್ದು ದಾರಿಯು ಬಿರಿದುಹೋಗಿರುವ ದೃಶ್ಯವನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಮಕ್ಕಳಿಗೆ ಮತವಿಲ್ಲ, ಅವರು ಮನವಿಪತ್ರವನ್ನು ಹಿಡಿದು ಕಛೇರಿಯ ಬಾಗಿಲಿಗೆ ಬರುವವರೂ ಅಲ್ಲ. ಆ ಕಾರಣದಿಂದಲೇ ಅವರ ಪಾಲಿನ ನೆಲವನ್ನು ಕೇಳುವ ಹೊಣೆಯು ಮತವುಳ್ಳ ನಮ್ಮೆಲ್ಲರ ಮೇಲಿದೆ. ಮುಂದಿನ ಆಯವ್ಯಯ ಸಭೆಯಲ್ಲಿ ಪ್ರತಿಯೊಂದು ಪುರಸಭೆಯೂ ಹತ್ತು ಗುಂಟೆ ನೆಲವನ್ನು ಗುರುತಿಸಲಿ. ಗುರುತಿಸದಿದ್ದರೆ ಏಕೆಂದು ತಮ್ಮ ವಾರ್ಡಿನ ಸದಸ್ಯರನ್ನು ಮಹಾಜನರು ಕೇಳಲಿ.